ಕಂದುರೋಗದ ಜೀವಾಣುವೂ ಜೀವಕೋಶಕೃಷಿಯೂ: ಒಂದು ಚಾರಿತ್ರಿಕ ವಿವೇಚನೆ

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯು ಕೃಷ್ಣೆಯ ದಂಡೆಯ ಮೇಲಿರುವ ಊರು. 1989ರಲ್ಲಿ ಸುತ್ತಲಿನ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು ನದಿಗೆ ಅಡ್ಡಲಾಗಿ ಕಟ್ಟಿದ ಬಾಂದಾರದಿಂದ ಈ ಊರಿನ ಹೆಸರು ನಾಡಿಗೆಲ್ಲ ತಿಳಿಯಿತು. ಬಾಂದಾರದ ಕಥೆಯನ್ನು ಹೇಳಿದವರು ಹಲವರಿದ್ದಾರೆ. ನಾವು ಇಲ್ಲಿ ಎತ್ತಿಕೊಂಡಿರುವುದು ಈ ಸೀಮೆಯ ಒಂದು ಜ್ವರದ ಕಥೆಯನ್ನು. ಹಳೆಯ ದಾಖಲೆಗಳಲ್ಲಿ ಅದಕ್ಕೆ ಹೆಸರಿಲ್ಲ. ಅದಕ್ಕೆ ಕಾರಣವಾದ ಜೀವಾಣುವಿಗೆ ಹೆಸರು ಬಂದ ಮೇಲೆಯೂ ಅದರ ವಾಸಸ್ಥಾನವು ಬಹುಕಾಲ ಸರಿಯಾಗಿ ತಿಳಿದಿರಲಿಲ್ಲ. ವಾಸಸ್ಥಾನವನ್ನು ತಿಳಿಸಿಕೊಟ್ಟ ಸಾಧನಗಳಲ್ಲಿ ಮುಖ್ಯವಾದುದು ಜೀವಕೋಶಕೃಷಿ, ಎಂದರೆ ಪ್ರಾಣಿಯ ಜೀವಕೋಶಗಳನ್ನು ದೇಹದ ಹೊರಗೆ ಗಾಜಿನ ಪಾತ್ರೆಯಲ್ಲಿ ಬದುಕಿಸಿ ಬೆಳೆಸುವ ವಿದ್ಯೆ. ಇತಿಹಾಸದ ಅಧ್ಯಾಪಕರಿಗೆ ಇದರಲ್ಲೇನು ಕೆಲಸವೆಂದು ಓದುಗರು ಕೇಳಬಹುದು. ಕಾಣದಿರುವುದನ್ನು ಇಲ್ಲವೆಂದು ಬರೆದುಬಿಡುವ ತಪ್ಪು ಪ್ರಯೋಗಶಾಲೆಗೂ ದಫ್ತರಕ್ಕೂ ಸಮಾನವಾದುದರಿಂದ ಈ ವಿಷಯವು ನಮ್ಮದೂ ಆಗಿದೆಯೆಂದು ನಾವು ಭಾವಿಸುತ್ತೇವೆ.

ಮೊದಲು ದಫ್ತರದ ಮಾತು. ಹಿಂದಿನ ಮುಂಬಯಿ ಇಲಾಖೆಯ ಹಳ್ಳಿಗಳಲ್ಲಿ ಜನನ ಮರಣಗಳನ್ನು ಬರೆದಿಡುವ ಭಾರವು ಊರಿನ ಅಧಿಕಾರಿಗಳ ಮೇಲಿದ್ದಿತು. ಸಾವಿನ ಕಾರಣಕ್ಕೆಂದು ಇದ್ದ ಕಲಮುಗಳು ಕೆಲವೇ: ಪಟಕಿ, ಸಿಡುಬು, ಜ್ವರ, ಹೊಟ್ಟೆಯ ಬೇನೆ, ಅಪಘಾತ, ಮುಂದೆ ಪ್ಲೇಗು, ಉಳಿದುದೆಲ್ಲ 'ಇತರ'. ಪಟಕಿಯನ್ನೂ ಸಿಡುಬನ್ನೂ ಹಳ್ಳಿಯವರು ಕಣ್ಣಿನಿಂದಲೇ ಗುರುತಿಸಬಲ್ಲವರಾಗಿದ್ದರು; ಜ್ವರದ ಕಲಮಿಗೆ ಬಂದವನು ಮಾತ್ರ ಮಲೇರಿಯದಿಂದ ಸತ್ತನೋ, ವಿಷಮಶೀತದಿಂದ ಸತ್ತನೋ, ಬೇರೆ ಯಾವುದರಿಂದಲೋ ಹೇಳುವಂತಿಲ್ಲ. ಜಮಖಂಡಿಯು 1948ರವರೆಗೆ ಪಟವರ್ಧನ ಮನೆತನದ ಸಂಸ್ಥಾನವಾಗಿದ್ದು, ಅನಂತರ ಬಿಜಾಪುರ ಜಿಲ್ಲೆಗೆ ಸೇರಿ, 1997ರಿಂದ ಬಾಗಲಕೋಟೆ ಜಿಲ್ಲೆಗೆ ಒಳಪಟ್ಟಿದೆ. ಆಡಳಿತವು ಇಷ್ಟು ಸಲ ಬದಲಾದರೂ ಹಟ್ಟಿಯಲ್ಲಿ ಕುರಿ, ಕೊಟ್ಟಿಗೆಯಲ್ಲಿ ದನ ಬದಲಾಗಲಿಲ್ಲ. ಈ ಸೀಮೆಯಲ್ಲಿ ದಿನ ತುಂಬುವ ಮೊದಲೇ ಪಶುವಿನ ಗರ್ಭ ಬಿದ್ದರೆ 'ಕಂದು ಹಾಕಿತು' ಎನ್ನುವುದು ವಾಡಿಕೆ. ಪದೇ ಪದೇ ಹೀಗಾಗುವ ಬೇನೆಗೆ ಕಂದುರೋಗವೆಂಬ ಹೆಸರಿದೆ; ಇಂದಿನ ಪಶುವೈದ್ಯರೂ ಬ್ರುಸೆಲ್ಲೋಸಿಸ್ ಎಂಬ ರೋಗವನ್ನು ರೈತರಿಗೆ ತಿಳಿಹೇಳುವಾಗ ಇದೇ ಮಾತನ್ನು ಬಳಸುತ್ತಾರೆ. ಕಂದು ಹಾಕಿದ ಪಶುವಿನ ಮಾಸನ್ನು ಬರಿಗೈಯಿಂದ ತೆಗೆಯುವವನಿಗೂ ಹಸಿಹಾಲು ಕುಡಿಯುವವನಿಗೂ ಅದೇ ಜೀವಾಣುವು ಅಂಟಿ ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿಯ ಬೆವರು, ಸೊಂಟ ಕೀಲುಗಳ ನೋವುಗಳನ್ನು ತರುತ್ತದೆಂಬುದು ಹಟ್ಟಿಯ ಅನುಭವದಿಂದ ತಿಳಿಯತಕ್ಕದ್ದಲ್ಲ. ಪಶುವಿನ ರೋಗಕ್ಕೆ ಒಂದು ಹೆಸರು, ಮನುಷ್ಯನ ರೋಗಕ್ಕೆ ಬರಿಯ 'ಜ್ವರ' ಎಂಬ ಹೆಸರು. ಎರಡೂ ಒಂದೇ ಎಂದು ತಿಳಿಯಲು ಯುರೋಪಿನ ವಿದ್ವಾಂಸರಿಗೂ ಮೂವತ್ತು ವರ್ಷಗಳು ಹಿಡಿದವು.

ಬ್ರಿಟಿಷ್ ಸೇನೆಯ ವೈದ್ಯನಾದ ಡೇವಿಡ್ ಬ್ರೂಸನು ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ಗುಲ್ಮದಿಂದ ಒಂದು ಅತಿಸೂಕ್ಷ್ಮ ಜೀವಾಣುವನ್ನು ಬೇರ್ಪಡಿಸಿ 1887ರಲ್ಲಿ ಪ್ರಕಟಿಸಿದನು. ಅವನು ಅನುಸರಿಸಿದುದು ರಾಬರ್ಟ್ ಕಾಖನು ಕೆಲವೇ ವರ್ಷಗಳ ಹಿಂದೆ ರೂಢಿಗೆ ತಂದಿದ್ದ ಗಟ್ಟಿ ಆಹಾರದ್ರವ್ಯದ ವಿಧಾನವನ್ನು. ಮಾಂಸರಸಕ್ಕೆ ಕಡಲಪಾಚಿಯ ಸಾರವಾದ ಅಗರನ್ನು ಸೇರಿಸಿ ಹೆಪ್ಪುಗಟ್ಟಿಸಿ, ಅದರ ಮೇಲೆ ಜೀವಾಣುವನ್ನು ಬಿತ್ತಿ ಬೆಳೆಸುವುದೇ ಆ ವಿಧಾನ. (ಅಗರನ್ನು ಸೂಚಿಸಿದವಳು ಕಾಖನ ಸಹಾಯಕನೊಬ್ಬನ ಹೆಂಡತಿ ಫ್ಯಾನಿ ಹೆಸ್ಸೆ. ಅವಳ ಅಡುಗೆಮನೆಯಿಂದ ಬಂದ ಈ ಪದಾರ್ಥವಿಲ್ಲದಿದ್ದರೆ ಸೂಕ್ಷ್ಮಜೀವಿಶಾಸ್ತ್ರವು ಎಷ್ಟು ನಿಧಾನವಾಗುತ್ತಿತ್ತೆಂದು ಊಹಿಸುವುದು ಕಷ್ಟ.) ಮಾಲ್ಟಾದವನೇ ಆದ ಥೆಮಿಸ್ಟೋಕ್ಲಿಸ್ ಜಮ್ಮಿಟನು ಆಡುಗಳ ರಕ್ತದಲ್ಲಿ ಈ ಜೀವಾಣುವಿನ ಗುರುತನ್ನು 1905ರಲ್ಲಿ ಕಂಡನು, ಆಡುಗಳಾದರೋ ನೋಡಲು ಆರೋಗ್ಯವಾಗಿಯೇ ಇದ್ದವು. ಮರುವರ್ಷ ಸೈನ್ಯಕ್ಕೆ ಆಡಿನ ಹಾಲನ್ನು ನಿಲ್ಲಿಸಿದೊಡನೆ ಅಲ್ಲಿ ಜ್ವರವು ಬೇಗನೆ ಇಳಿಯಿತು. ಇತ್ತ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗನು 1897ರಲ್ಲಿ ದನಗಳ ಗರ್ಭಪಾತಕ್ಕೆ ಕಾರಣವಾದ ಜೀವಾಣುವನ್ನು ತೋರಿಸಿದ್ದನು. ಈ ಎರಡೂ ಜೀವಾಣುಗಳು ಹತ್ತಿರದ ಬಂಧುಗಳೆಂದು 1918ರಲ್ಲಿ ಹೇಳಿದವಳು ಅಮೆರಿಕದ ಆಲಿಸ್ ಇವಾನ್ಸ್. ಈಕೆಯ ಮಾತನ್ನು ದೊಡ್ಡ ದೊಡ್ಡ ವಿದ್ವಾಂಸರು ಕೆಲಕಾಲ ನಂಬಲಿಲ್ಲ. ಕಡೆಗೆ ಬ್ರೂಸನ ಹೆಸರಿನಿಂದ ಈ ಕುಲಕ್ಕೆ ಬ್ರುಸೆಲ್ಲ ಎಂಬ ನಾಮಕರಣವಾಯಿತು.

ಇಲ್ಲಿಯವರೆಗಿನ ಕಥೆಯೆಲ್ಲ ಅಗರಿನ ತಟ್ಟೆಯ ವಿಜಯದ ಕಥೆ. ಆದರೆ ಆ ವಿಜಯದಲ್ಲಿಯೇ ಒಂದು ಕುರುಡು ಅಡಗಿದ್ದಿತೆಂಬುದನ್ನು ಗಮನಿಸಬೇಕು. ರೋಗಿಯ ದೇಹದಲ್ಲಿ ಜೀವಾಣುವು ಕಾಣಬೇಕು, ಅದನ್ನು ಹೊರಗೆ ಶುದ್ಧವಾಗಿ ಬೆಳೆಸಬೇಕು, ಬೆಳೆಸಿದುದು ಇನ್ನೊಂದು ಪ್ರಾಣಿಯಲ್ಲಿ ಅದೇ ರೋಗವನ್ನು ಹುಟ್ಟಿಸಬೇಕು ಎಂಬ ಕಾಖನ ನಿಯಮಗಳು ಶಿಸ್ತನ್ನು ತಂದವು, ನಿಜ. ಅದರ ಜೊತೆಗೆ, ನಿರ್ಜೀವ ಆಹಾರದಲ್ಲಿ ಬೆಳೆಯದಿರುವುದನ್ನು ಸಂದೇಹದಿಂದ ನೋಡುವ ಅಭ್ಯಾಸವನ್ನೂ ತಂದವು. ನಾರ್ವೆಯ ಹಾನ್ಸೆನನು 1873ರಲ್ಲಿಯೇ ಕಂಡ ಕುಷ್ಠದ ಜೀವಾಣುವು ಇಂದಿಗೂ ಯಾವ ಕೃತಕ ಆಹಾರದಲ್ಲಿಯೂ ಬೆಳೆದಿಲ್ಲ. ಜೀವಕೋಶಕೃಷಿಯಲ್ಲಿಯೂ ಅದನ್ನು ನಿರಂತರವಾಗಿ ಬೆಳೆಸಲಾಗಿಲ್ಲ. 1960ರಲ್ಲಿ ಶೆಪರ್ಡನು ಇಲಿಯ ಪಾದದಲ್ಲಿ ಬೆಳೆಸಿದುದೇ ದೊಡ್ಡ ಹೆಜ್ಜೆಯಾಯಿತು. ನುಸಿಯ ಕಡಿತದಿಂದ ಬರುವ, ಕರ್ನಾಟಕದಲ್ಲಿಯೂ ಕಂಡುಬರುವ ಸ್ಕ್ರಬ್ ಟೈಫಸ್ ಜ್ವರದ ಜೀವಾಣುವು ಸಜೀವ ಕೋಶದ ಒಳಗಲ್ಲದೆ ಬೆಳೆಯುವುದೇ ಇಲ್ಲ. ಬ್ರುಸೆಲ್ಲದ ಸ್ವಭಾವವು ಇವೆರಡಕ್ಕಿಂತ ಕಪಟದ್ದು. ಅದು ಅಗರಿನ ಮೇಲೂ ಬೆಳೆಯುತ್ತದೆ; ನಿಧಾನವಾಗಿಯಾದರೂ ಬೆಳೆಯುತ್ತದೆ. ಆದುದರಿಂದಲೇ, ದೇಹದೊಳಗೆ ಅದು ಎಲ್ಲಿ ವಾಸಿಸುತ್ತದೆಂದು ಕೇಳುವ ಅಗತ್ಯವೇ ಬಹುಜನಕ್ಕೆ ತೋರಲಿಲ್ಲ.

ಕೇಳಿದವರಲ್ಲಿ ಮೊದಲಿಗರ ಪೈಕಿ ಥಿಯೊಬಾಲ್ಡ್ ಸ್ಮಿತ್ ಒಬ್ಬನು. ಕಂದು ಹಾಕಿದ ಹಸುಗಳ ಮಾಸಿನ ತೆಳು ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಜೀವಾಣುಗಳು ಅದರ ಕೆಲವು ಕೋಶಗಳ ಒಳಗೆ ಇಕ್ಕಿರಿದು ತುಂಬಿರುವುದನ್ನು 1919ರಲ್ಲಿ ಬರೆದನು. ನಮ್ಮ ಕುರಿಗಾರರು ಬರಿಗೈಯಿಂದ ಎತ್ತಿ ಬಿಸಾಡುವ ಮಾಸು ಅದೆಂತಹ ಕಣಜವೆಂಬುದು ಆ ಬರಹದಿಂದ ತಿಳಿಯುತ್ತದೆ. ಆದರೆ ಸತ್ತ ಪದರದಲ್ಲಿ ಕಂಡದ್ದು ಒಂದು ಚಿತ್ರ ಮಾತ್ರ. ಜೀವಾಣುಗಳು ಒಳಹೊಕ್ಕು ಬೆಳೆದವೋ, ಕೋಶವು ನುಂಗಿದ ಹೆಣಗಳಾಗಿ ಅಲ್ಲಿ ಬಿದ್ದಿದ್ದವೋ ಎಂಬುದನ್ನು ಚಿತ್ರವು ಹೇಳಲಾರದು. ಮೆಚ್ನಿಕಾಫನು 1882ರಲ್ಲಿ ಕಂಡುಕೊಂಡ ತತ್ತ್ವದಂತೆ ಬಿಳಿಯ ರಕ್ತಕಣವು ಜೀವಾಣುವನ್ನು ನುಂಗಿ ಕೊಲ್ಲುವ ಕಾವಲುಗಾರ; ಆದಕಾರಣ ಕಣದೊಳಗೆ ಕಂಡ ಜೀವಾಣುವೆಲ್ಲ ಸೆರೆಸಿಕ್ಕ ಕಳ್ಳನೆಂದು ಎಣಿಸುವುದು ಸಹಜವಾಗಿದ್ದಿತು. ಕಾವಲುಗಾರನ ಮನೆಯಲ್ಲಿಯೇ ಕಳ್ಳನು ಸಂಸಾರ ಹೂಡಿರುವನೆಂದು ತೋರಿಸಬೇಕಾದರೆ ಮನೆಯು ಜೀವಂತವಾಗಿರಬೇಕು, ಬಾಗಿಲು ನಮ್ಮ ಕಣ್ಣಮುಂದಿರಬೇಕು.

ಅಂತಹ ಮನೆಯನ್ನು ಕಟ್ಟುವ ವಿದ್ಯೆಯು ನಿಧಾನವಾಗಿ ಬಂದಿತು. ರಾಸ್ ಹ್ಯಾರಿಸನ್ ಎಂಬವನು 1907ರಲ್ಲಿ ಕಪ್ಪೆಯ ಭ್ರೂಣದ ನರದ ತುಣುಕನ್ನು ದುಗ್ಧರಸದ ತೊಟ್ಟಿನಲ್ಲಿ ತೂಗಬಿಟ್ಟು, ಅದು ಎಳೆಬಿಟ್ಟು ಬೆಳೆಯುವುದನ್ನು ಕಂಡನು. ಅಲೆಕ್ಸಿಸ್ ಕಾರೆಲ್ಲನು ಕೋಳಿಮರಿಯ ಹೃದಯದ ತುಣುಕನ್ನು ವರ್ಷಗಟ್ಟಲೆ ಬದುಕಿಸಿದೆನೆಂದು ಲೋಕವನ್ನು ಬೆರಗುಗೊಳಿಸಿದನು. ಆ ಮಾತನ್ನು ಹೇಳಿದಂತೆಯೇ ನಂಬಲಾಗದೆಂದು ಮುಂದಿನವರು ತೋರಿಸಿದ್ದಾರೆ. ಹೊರಗಿನ ಜೀವಾಣುಗಳು ಹೊಕ್ಕು ಕೃಷಿಯನ್ನು ಕೆಡಿಸುವುದೇ ಆಗ ಎಲ್ಲರಿಗೂ ದೊಡ್ಡ ತೊಡಕಾಗಿದ್ದಿತು. ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಔಷಧಗಳು ಬಂದ ಮೇಲೆ ಈ ತೊಡಕು ನೀಗಿತು. ಎಂಡರ್ಸ್, ವೆಲ್ಲರ್, ರಾಬಿನ್ಸ್ ಮೂವರೂ 1949ರಲ್ಲಿ ಪೋಲಿಯೊ ವಿಷಾಣುವನ್ನು ನರಗಳಲ್ಲದ ಕೋಶಗಳಲ್ಲಿ ಬೆಳೆಸಿ 1954ರ ನೊಬೆಲ್ ಪಾರಿತೋಷಕವನ್ನು ಪಡೆದರು. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕರಿಯ ಮಹಿಳೆಯ ಗಡ್ಡೆಯಿಂದ, ಆಕೆಯ ಅನುಮತಿಯಿಲ್ಲದೆ ತೆಗೆದ ಕೋಶಗಳು ಹೀಲಾ ಎಂಬ ಹೆಸರಿನಿಂದ ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಹರಡಿದವು. ಆ ಸಂಸಾರಕ್ಕೆ ಸಲ್ಲಬೇಕಾದ ಋಣದ ಪ್ರಶ್ನೆಯು ಬೇರೊಂದು ಲೇಖನಕ್ಕೆ ತಕ್ಕ ವಿಷಯ.

ವಿಷಾಣುಗಳಿಗೆ ಈ ವಿದ್ಯೆಯು ಹೊಲವಿದ್ದಂತೆ: ಬಿತ್ತುವುದು, ಬೆಳೆಯುವುದು, ಲಸಿಕೆಗಾಗಿ ಕೊಯ್ಯುವುದು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಗೆ ನಮ್ಮ ನಾಡಿನಲ್ಲಿ ಬಹುಕಾಲ ಕೊಟ್ಟ ಲಸಿಕೆಯು ಕೋಳಿಭ್ರೂಣದ ಕೋಶಗಳಲ್ಲಿ ಬೆಳೆಸಿದ ವಿಷಾಣುವಿನಿಂದಲೇ ತಯಾರಾದುದು. ಅಗರಿನ ಮೇಲೆಯೇ ಬೆಳೆಯಬಲ್ಲ ಬ್ರುಸೆಲ್ಲಕ್ಕೆ ಹೊಲದ ಅಗತ್ಯವಿರಲಿಲ್ಲ. ಇಲ್ಲಿ ಜೀವಕೋಶಕೃಷಿಯು ಮಾಡಿದ ಉಪಕಾರವೇ ಬೇರೆ. ಅದು ಒಂದು ಪ್ರಶ್ನೆಗೆ ಉತ್ತರ ಕೊಟ್ಟಿತು. ಆ ಪ್ರಶ್ನೆಯು ರೋಗಿಯ ಹಾಸಿಗೆಯ ಬದಿಯಲ್ಲಿ ಹುಟ್ಟಿದುದು.

ಪ್ರಶ್ನೆ ಇದು. ಗಾಜಿನ ನಳಿಕೆಯಲ್ಲಿ ಬ್ರುಸೆಲ್ಲವನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಔಷಧವನ್ನು ರೋಗಿಗೆ ಕೊಟ್ಟರೆ ಜ್ವರವು ಇಳಿಯುತ್ತದೆ, ಔಷಧವನ್ನು ನಿಲ್ಲಿಸಿದ ಕೆಲವು ವಾರಗಳಲ್ಲಿ ಮತ್ತೆ ಬರುತ್ತದೆ. ಏಕೆ? ಅಮೆರಿಕದ ಮಿನೆಸೋಟದಲ್ಲಿ ಈ ರೋಗಕ್ಕಾಗಿ ಬಾಳನ್ನೇ ಸವೆಸಿದ ವೆಸ್ಲಿ ಸ್ಪಿಂಕನೂ ಅವನ ಸಹೋದ್ಯೋಗಿಗಳಾದ ಶಾಫರ್, ಕುಚೆರಾ ಇವರೂ 1953ರಲ್ಲಿ ಇದನ್ನು ಬಿಡಿಸಿದರು. ದೇಹದ ಹೊರಗೆ ಬದುಕಿಸಿಟ್ಟ ಬಿಳಿಯ ರಕ್ತಕಣಗಳಿಗೆ ಜೀವಾಣುಗಳನ್ನು ನುಂಗಿಸಿ, ಮೇಲೆ ಔಷಧವನ್ನು ಹಾಕಿ ನೋಡಿದಾಗ, ಕಣಗಳ ಒಳಗಿದ್ದ ಜೀವಾಣುಗಳಿಗೆ ಔಷಧದಿಂದಲೂ ರಕ್ತದ್ರವದ ಸಹಜವಾದ ಮಾರಕಶಕ್ತಿಯಿಂದಲೂ ರಕ್ಷಣೆ ದೊರೆಯುತ್ತದೆಂದು ತಿಳಿಯಿತು. ನಮ್ಮನ್ನು ಕಾಯಬೇಕಾದ ಕಣವು ಜೀವಾಣುವನ್ನು ಕಾಯುತ್ತಿದ್ದಿತು!

ಈ ಅಡ್ಡಿಯೇ ಮುಂದೆ ಸಂಶೋಧಕರ ಕೈಯಲ್ಲಿ ಉಪಕರಣವಾಯಿತು. ಆ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುವುದು ಉಚಿತ. ಪಾತ್ರೆಯ ತಳದಲ್ಲಿ ಹಾಸಿನಂತೆ ಬೆಳೆದ ಕೋಶಗಳ ಮೇಲೆ ಜೀವಾಣುಗಳನ್ನು ಹಾಕಿ, ಒಳಹೋಗಲು ಗಂಟೆಯೋ ಎರಡು ಗಂಟೆಯೋ ಬಿಡುತ್ತಾರೆ. ಅನಂತರ ಕೋಶದೊಳಕ್ಕೆ ಸುಲಭವಾಗಿ ಹೋಗಲಾರದ ಸ್ಟ್ರೆಪ್ಟೊಮೈಸಿನ್ ಅಥವಾ ಅದೇ ಜಾತಿಯ ಜೆಂಟಾಮೈಸಿನ್ ಔಷಧವನ್ನು ಸುರಿದರೆ ಹೊರಗೆ ಉಳಿದ ಜೀವಾಣುಗಳೆಲ್ಲ ಸಾಯುತ್ತವೆ. ಔಷಧವನ್ನು ತೊಳೆದು, ಬೇಕಾದ ಹೊತ್ತಿಗೆ ಕೋಶಗಳನ್ನು ಒಡೆದು, ಒಳಗಿನಿಂದ ಹೊರಬಿದ್ದ ಜೀವಾಣುಗಳನ್ನು ಅದೇ ಹಳೆಯ ಅಗರಿನ ತಟ್ಟೆಯ ಮೇಲೆ ಬಿತ್ತಿ ಎಣಿಸುತ್ತಾರೆ. ಎರಡನೆಯ ಗಂಟೆಯಲ್ಲಿ ನೂರಿದ್ದದ್ದು ಇಪ್ಪತ್ತನಾಲ್ಕನೆಯ ಗಂಟೆಯಲ್ಲಿ ಸಾವಿರವಾದರೆ ಒಳಗೆ ಸಂತಾನವೃದ್ಧಿಯಾಗಿದೆಯೆಂದು ಅರ್ಥ. ಹತ್ತಕ್ಕೆ ಇಳಿದರೆ ಕೋಶವು ಗೆದ್ದಿತೆಂದು ಅರ್ಥ. ಕಾಖನ ತಟ್ಟೆಯನ್ನು ಜೀವಕೋಶಕೃಷಿಯು ಮೂಲೆಗೆ ತಳ್ಳಿತೆಂದು ಕೆಲವರು ಬರೆಯುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಇಲ್ಲಿ ಲೆಕ್ಕವನ್ನು ಕೊಡುವುದು ತಟ್ಟೆಯೇ. ಕೋಶವು ಪ್ರಶ್ನೆಯನ್ನು ಹಾಕುತ್ತದೆ, ತಟ್ಟೆಯು ಉತ್ತರವನ್ನು ಬರೆದುಕೊಡುತ್ತದೆ. ಈ ವಿಧಾನದಲ್ಲಿಯೂ ದೋಷವಿಲ್ಲದಿಲ್ಲ. ಔಷಧವನ್ನು ಬಹಳ ಹೊತ್ತು ಬಿಟ್ಟರೆ ಸ್ವಲ್ಪಸ್ವಲ್ಪವಾಗಿ ಒಳಕ್ಕೂ ಇಳಿದು ಲೆಕ್ಕವನ್ನು ಕೆಡಿಸುತ್ತದೆ.

ಕೋಶದೊಳಗೆ ಎಲ್ಲಿ ಎಂಬ ಪ್ರಶ್ನೆಯು ಉಳಿದಿದ್ದಿತು. 1990ರಲ್ಲಿ ಡೆಟಿಯೋ, ಡೆಯೋ, ಷೆವಿಲ್ ಎಂಬ ಪಶುವೈದ್ಯ ಸಂಶೋಧಕರು, ಆಫ್ರಿಕದ ಹಸಿರು ಮಂಗದ ಮೂತ್ರಪಿಂಡದಿಂದ 1962ರಲ್ಲಿ ಜಪಾನಿನಲ್ಲಿ ಸಿದ್ಧಪಡಿಸಿದ ವೀರೋ ಕೋಶಗಳಿಗೆ ಬ್ರುಸೆಲ್ಲವನ್ನು ಅಂಟಿಸಿ ವಿದ್ಯುತ್ಕಣ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅವರಿಗೆ ಜೀವಾಣುಗಳು ಕಂಡದ್ದು ಕೋಶದ 'ಜೀರ್ಣಕೋಣೆ'ಯಲ್ಲಿ ಅಲ್ಲ. ಕೋಶವು ತನ್ನ ಪ್ರೋಟೀನುಗಳನ್ನು ನೇಯುವ ಒಳಜಾಲದ ಮಡಿಕೆಗಳಲ್ಲಿ. ಮುಂದಿನ ವರ್ಷಗಳಲ್ಲಿ ಹೀಲಾ ಕೋಶಗಳಲ್ಲಿಯೂ ಭಕ್ಷಕಕಣಗಳಲ್ಲಿಯೂ ಇದು ಸಿದ್ಧಪಟ್ಟಿತು. ಅಡುಗೆಮನೆಯಲ್ಲಿಯೇ ಬಿಡಾರ ಹೂಡಿದ ಅತಿಥಿಯನ್ನು ಜಗಲಿಯಲ್ಲಿ ಹುಡುಕಿದರೆ ಸಿಗುವುದೆಂತು? ಕೋಶದೊಳಕ್ಕೆ ಹೋಗಬಲ್ಲ ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಔಷಧಗಳನ್ನು ಜೊತೆಯಾಗಿ ಆರು ವಾರಗಳವರೆಗೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಮಾಡಿದ ಶಿಫಾರಸಿನ ಹಿಂದಿನ ತರ್ಕವು, ಜೀವಾಣುವಿನ ಈ ಗೃಹವಾಸವನ್ನು ತಿಳಿದವರಿಗೆ ಕೂಡಲೇ ಹೊಳೆಯುತ್ತದೆ. ಹತ್ತು ದಿನಗಳಲ್ಲಿ ಜ್ವರ ಬಿಟ್ಟಿತೆಂದು ಗುಳಿಗೆಯನ್ನು ನಿಲ್ಲಿಸುವ ನಮ್ಮ ಹಳ್ಳಿಯ ರೋಗಿಗೆ ಈ ತರ್ಕವನ್ನು ಯಾರೂ ಹೇಳಿರುವುದಿಲ್ಲ.

ಈಗ ನಮ್ಮ ಸೀಮೆಗೆ ಬರೋಣ. ಬಿಜಾಪುರದ ಬಿ. ಎಂ. ಪಾಟೀಲ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರಜ್ಞರಾಗಿದ್ದ ಡಾ. ಬಿ. ಜಿ. ಮಂಟೂರ ಅವರೂ ಸಹೋದ್ಯೋಗಿಗಳೂ ಈ ರೋಗವನ್ನು ಬಹುವರ್ಷಗಳ ಕಾಲ ಬೆನ್ನುಹತ್ತಿದರು. ಅವರು 2004ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 5726 ಮಕ್ಕಳ ರಕ್ತವನ್ನು ಪರೀಕ್ಷಿಸಿ 93 ಮಕ್ಕಳಲ್ಲಿ ಬ್ರುಸೆಲ್ಲೋಸಿಸ್ಸನ್ನು ಗುರುತಿಸಿರುವುದಾಗಿ ಹೇಳಿದೆ. ನೂರಕ್ಕೆ ಇಬ್ಬರಿಗಿಂತ ಕಡಮೆಯೆಂದು ಈ ಅಂಕೆಯನ್ನು ಅಲ್ಲಗಳೆಯುವಂತಿಲ್ಲ. ಪರೀಕ್ಷೆಯು ನಡೆಯದಿದ್ದರೆ ಆ 93 ಮಕ್ಕಳೂ 'ಜ್ವರ'ದ ಕಲಮಿಗೇ ಹೋಗುತ್ತಿದ್ದರು.

ನಮ್ಮ ಪ್ರಸ್ತಾಪಕ್ಕೆ ಇನ್ನೂ ಹತ್ತಿರವಾದುದು ಅದೇ ವರ್ಷ ಅವರು ಮತ್ತು ಡಾ. ಮಂಗಳಗಿ ಅವರು ಪ್ರಕಟಿಸಿದ ಇನ್ನೊಂದು ಕೆಲಸ. ರಕ್ತದಿಂದ ಬ್ರುಸೆಲ್ಲವನ್ನು ಬೆಳೆಸಲು ಹಿಂದಿನಿಂದ ಬಳಕೆಯಲ್ಲಿದ್ದುದು ಮೆಕ್ಸಿಕೋದ ರುಯಿಜ್ ಕಾಸ್ಟನೇಡನು 1947ರಲ್ಲಿ ರೂಪಿಸಿದ ಸೀಸೆ. ಒಂದು ಮಗ್ಗುಲಲ್ಲಿ ಅಗರು, ತಳದಲ್ಲಿ ಮಾಂಸರಸ. ಸೀಸೆಯನ್ನು ಆಗಾಗ ವಾಲಿಸಿದರೆ ರಸವು ಅಗರನ್ನು ತೋಯಿಸುತ್ತದೆ, ಮುಚ್ಚಳವನ್ನು ತೆಗೆಯುವ ಅಪಾಯವಿಲ್ಲ. ಪ್ರಯೋಗಶಾಲೆಯ ಕೆಲಸಗಾರರಿಗೇ ಸುಲಭವಾಗಿ ಅಂಟುವ ಜೀವಾಣುವಿದಾದುದರಿಂದ ಇದು ಸಣ್ಣ ಅನುಕೂಲವೇನೂ ಅಲ್ಲ. ಆದರೆ ಸೀಸೆಗೆ ಹಾಕಿದ ರಕ್ತದಲ್ಲಿ ಜೀವಾಣುಗಳು ಬಿಳಿಯ ಕಣಗಳ ಒಳಗೆ ಅಡಗಿರುತ್ತವೆಯಷ್ಟೆ. ಬಿಜಾಪುರದ ಸಂಶೋಧಕರು ಅದರೊಡನೆ ಇನ್ನೊಂದು ವಿಧಾನವನ್ನು ಹೋಲಿಸಿ ನೋಡಿದರು. ಅದರಲ್ಲಿ ಮೊದಲು ರಕ್ತಕಣಗಳನ್ನು ಒಡೆದು, ಯಂತ್ರದಲ್ಲಿ ಗರಗರನೆ ತಿರುಗಿಸಿ, ತಳಕ್ಕಿಳಿದ ಗಷ್ಟನ್ನು ಅಗರಿನ ಮೇಲೆ ಹರಡುತ್ತಾರೆ. ಹೀಗೆ ಮಾಡಿದಾಗ ಜೀವಾಣುವು ಹೆಚ್ಚು ರೋಗಿಗಳಲ್ಲಿ ಸಿಕ್ಕಿತು, ಬೇಗನೆ ಸಿಕ್ಕಿತು. ಹಳೆಯದಾಗಿ ಬೇರೂರಿದ ರೋಗದಲ್ಲಿ ಈ ಲಾಭವು ಇನ್ನೂ ಹೆಚ್ಚಾಗಿದ್ದಿತು. 1953ರಲ್ಲಿ ಮಿನೆಸೋಟದ ಪ್ರಯೋಗಶಾಲೆಯಲ್ಲಿ ತಿಳಿದ ಸಂಗತಿಯೇ ಇಲ್ಲಿ ರೋಗನಿರ್ಣಯದ ಕೈಗೆಲಸವಾಗಿ ಇಳಿದಿದೆಯೆಂಬುದು ನಮ್ಮ ಅಭಿಪ್ರಾಯ. ಜೀವಕೋಶಕೃಷಿಯ ಸಲಕರಣೆಗಳು ತಾಲೂಕಿನ ಆಸ್ಪತ್ರೆಗಳಲ್ಲಿರುವುದು ಸಾಧ್ಯವೂ ಅಲ್ಲ, ಅವಶ್ಯಕವೂ ಅಲ್ಲ. ಆ ಕೃಷಿಯಿಂದ ದೊರೆತ ತಿಳಿವಳಿಕೆಯು ಒಂದು ಸೀಸೆ ಒಂದು ಯಂತ್ರದವರೆಗೆ ಬಂದರೆ ಸಾಕು. ಸಲಕರಣೆಯಿಲ್ಲವೆಂಬ ಒಂದೇ ನೆಪದಿಂದ ನಮ್ಮ ಜಿಲ್ಲೆಗಳಲ್ಲಿ ಈ ಜ್ವರವನ್ನು ಹುಡುಕದೆ ಬಿಡುವವರಿಗೆ ಬಿಜಾಪುರದ ಕೆಲಸವು ಉತ್ತರವಾಗಿದೆ.

ಪಶುಗಳ ಕಡೆಯಲ್ಲಿ, 2019ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಂತೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಕಂದುರೋಗದ ಲಸಿಕೆಯನ್ನು ಹಾಕುವ ಏರ್ಪಾಡಾಗಿದೆ. ಅದು ದನ ಎಮ್ಮೆಗಳ ಕರುಗಳಿಗಾಗಿ ಮಾಡಿದುದು. ಮನುಷ್ಯರಿಗೆ ಹೆಚ್ಚು ಕ್ರೂರವಾದ ಬ್ರುಸೆಲ್ಲ ಮೆಲಿಟೆನ್ಸಿಸ್ ಎಂಬ ಜಾತಿಯು ಕುರಿ ಆಡುಗಳದು. ಊರೂರು ತಿರುಗಿ ಹೊಲದಲ್ಲಿ ಮಂದೆಯನ್ನು ನಿಲ್ಲಿಸುವ ಕುರಿಗಾರನು ಇಂತಹ ಏರ್ಪಾಡುಗಳಿಗೆ ಸಿಗುವುದೂ ಕಷ್ಟವೇ.

ಹಾಗಾದರೆ ಹಳೆಯ ಮರಣಪಟ್ಟಿಗಳ 'ಜ್ವರ'ದಲ್ಲಿ ಕಂದುರೋಗದ ಪಾಲೆಷ್ಟು? ಬಿಜಾಪುರದ ಈಚಿನ ಅಂಕೆಗಳನ್ನು ಹಿಂದಕ್ಕೆ ಚಾಚಿ ಒಂದು ಲೆಕ್ಕವನ್ನು ಕಟ್ಟುವ ಆಸೆಯು ನಮಗೂ ಹುಟ್ಟಿದ್ದುಂಟು, ಅದನ್ನು ಬಿಟ್ಟುಕೊಟ್ಟೆವು. ಈ ರೋಗವು ಬಹುದಿನ ನರಳಿಸುತ್ತದೆ, ಕೊಲ್ಲುವುದು ಅಪರೂಪ. ಆದಕಾರಣ ಮರಣದ ಪಟ್ಟಿಯು ಅದಕ್ಕೆ ತಕ್ಕ ಸಾಕ್ಷಿಯೇ ಅಲ್ಲ. ತಕ್ಕ ಸಾಕ್ಷಿಯು ಬೇರೆ ಕಡೆ ದೊರೆತಿದೆ. ಇಟಲಿಯ ಸಾರ್ಡಿನಿಯ ದ್ವೀಪದ ಗೆರಿಡು ಎಂಬ ಪಾಳುಬಿದ್ದ ಹಳ್ಳಿಯಲ್ಲಿ ಅಗೆದು ತೆಗೆದ ಹದಿನಾಲ್ಕನೆಯ ಶತಮಾನದ ಒಂದು ಅಸ್ಥಿಪಂಜರದ ಸುಣ್ಣಗಟ್ಟಿದ ಗಂಟಿನಲ್ಲಿ ಬ್ರುಸೆಲ್ಲ ಮೆಲಿಟೆನ್ಸಿಸ್ ಜೀವಾಣುವಿನ ವಂಶದ್ರವ್ಯವನ್ನು 2014ರಲ್ಲಿ ಓದಿದ್ದಾರೆ. ಅಲ್ಲಿ ಅಗರೂ ಬೇಕಾಗಲಿಲ್ಲ, ಸಜೀವ ಕೋಶವೂ ಬೇಕಾಗಲಿಲ್ಲ. ಕೃಷ್ಣಾತೀರದ ಹಳೆಯ ಮಣ್ಣಿನಲ್ಲಿ ಅಗೆಯುವವರು ಇನ್ನು ಮುಂದೆ ಮಡಕೆ ನಾಣ್ಯಗಳ ಜೊತೆಗೆ ಕುರಿ ದನಗಳ ಎಲುಬುಗಳನ್ನೂ ಎಸೆಯದೆ ತೆಗೆದಿಟ್ಟರೆ, ಮರಣಪಟ್ಟಿಯು ಹೇಳಲಾರದುದನ್ನು ಅವುಗಳಿಂದ ಕೇಳಬಹುದು.